ಇಲ್ಲದವನ ಕಡತ

ಆ ಕಟ್ಟಡದ ಐದನೇ ಮಹಡಿಯಲ್ಲಿ ಎಲ್ಲರೂ ಆಕೆಯನ್ನು ಜರಡಿ ಅಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳ ಕೈಯಲ್ಲಿ ಹಿಟ್ಟಿನ ಜರಡಿಯೇನೂ ಇರಲಿಲ್ಲ. ಯಾರು ಯಾರಿಗೆ ಫೋನ್ ಮಾಡಿದರು, ಯಾವ ಗಾಡಿ ಯಾವ ಗೇಟು ದಾಟಿತು, ಯಾವ ಫೋನು ಯಾವ ಕಟ್ಟಡದೊಳಗೆ ಎಷ್ಟು ಹೊತ್ತು ಇತ್ತು ಎಂಬ ಮಾಹಿತಿ ನೂರಾರು ಕಡೆಯಿಂದ ಅಲ್ಲಿಗೆ ಬಂದು ಬೀಳುತ್ತಿತ್ತು. ಅದನ್ನೆಲ್ಲ ಸೋಸಿ, ಒಬ್ಬೊಬ್ಬ ಮನುಷ್ಯನಿಗೆ ಸೇರಿದ್ದನ್ನು ಒಂದೊಂದು ಕಡತವಾಗಿ ಕಟ್ಟಿಕೊಡುವ ಕಂಪ್ಯೂಟರ್ ವ್ಯವಸ್ಥೆಗೆ ಜರಡಿ ಎಂದು ಅಡ್ಡಹೆಸರು. ಅದನ್ನು ನೋಡಿಕೊಳ್ಳುವವಳು ಜರಡಿ ಅಕ್ಕ. ಪರದೆ ಎಳೆದ ಕಿಟಕಿಗಳ ಉದ್ದನೆಯ ಹಾಲಿನಲ್ಲಿ ಕೂತು ಆ ಕಡತಗಳನ್ನು ಓದಿ, ಯಾರ ಮೇಲೆ ಕಣ್ಣಿಡಬೇಕು, ಯಾರನ್ನು ಕರೆತರಬೇಕು ಎಂದು ಬರೆಯುವವರು ಗುಪ್ತಚರ ವಿಭಾಗದ ವಿಶ್ಲೇಷಕರು. ಅವರ ಕೆಲಸಕ್ಕೆ ಅವಳು ಎಂದೂ ತಲೆ ಹಾಕಿದವಳಲ್ಲ. ಯಾರಾದರೂ ಕೆಣಕಿದರೆ, ‘ನಾನು ಮನುಷ್ಯರನ್ನ ಹಿಡಿಯೋದಿಲ್ಲ, ಜರಡಿ ಹಿಡೀತೀನಿ ಅಷ್ಟೆ’ ಎಂದು ನಗುತ್ತಿದ್ದಳು.

ಅವಳಿಗೆ ನಲವತ್ತೆರಡು ವರ್ಷ. ಮದುವೆಯಾಗಿರಲಿಲ್ಲ. ಊರಿನ ಹಳೆಯ ಭಾಗದ ಮೂರು ಮಹಡಿಯ ಕಟ್ಟಡದಲ್ಲಿ, ಎರಡನೆಯ ಮಹಡಿಯ ಮನೆಯಲ್ಲಿ ತಾಯಿ ಮತ್ತು ತಮ್ಮನ ಜೊತೆ ಇದ್ದಳು. ತಾಯಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತಿಯಾದವರು. ತಮ್ಮ ಲಿಫ್ಟ್ ಮೆಕ್ಯಾನಿಕ್. ಮನೆಯಿಂದ ಹೊರಡುವಾಗ ಒಲೆ ಆರಿದೆಯೇ ಎಂದು ಅವಳು ಎರಡು ಸಲ ನೋಡುವಳು. ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಬಂದು ಮೂರನೆಯ ಸಲ ನೋಡುವಳು. ‘ಒಲೆಗೇ ನಾಚಿಕೆ ಆಗತ್ತೆ ಅಕ್ಕ, ಹಾಗೆ ಬಗ್ಗಿ ಬಗ್ಗಿ ನೋಡ್ಬೇಡ’ ಎಂದು ತಮ್ಮ ಗೇಲಿ ಮಾಡುತ್ತಿದ್ದ. ಕಚೇರಿಯಲ್ಲೂ ಅವಳದು ಅದೇ ಬುದ್ಧಿ. ಯಾವ ಪಟ್ಟಿಯನ್ನೂ ಮೂರು ಸಲ ತಾಳೆ ನೋಡದೆ ಸಹಿ ಹಾಕಿದವಳಲ್ಲ. ಹದಿನೇಳು ವರ್ಷದಲ್ಲಿ ಒಂದೂ ತಪ್ಪು ಸಿಕ್ಕಿರಲಿಲ್ಲ.

ಆ ಒಂದು ತಪ್ಪಿನ ಬೀಜ ಬಿದ್ದದ್ದು ಮಾತ್ರ ನಾಲ್ಕು ವರ್ಷದ ಹಿಂದೆ, ಅವಳ ಆ ಅತಿ ಎಚ್ಚರಿಕೆಯಿಂದಲೇ.

ಹೊಸದಾಗಿ ಸೇರುವ ವಿಶ್ಲೇಷಕರಿಗೆ ಕಡತ ಓದುವುದನ್ನು, ಟಿಪ್ಪಣಿ ಬರೆಯುವುದನ್ನು ಕಲಿಸಬೇಕಿತ್ತು. ನಿಜವಾದವರ ಕಡತ ಕೊಟ್ಟು ಕಲಿಸುವಂತಿರಲಿಲ್ಲ. ಒಬ್ಬ ಕಲ್ಪಿತ ಮನುಷ್ಯನನ್ನು ಮಾಡಿಕೊಡು ಎಂದು ತರಬೇತಿ ವಿಭಾಗದವರು ಅವಳನ್ನು ಕೇಳಿದರು. ಅವಳು ಹೆಸರು ಹುಟ್ಟಿಸಿದಳು, ಕಸುಬು ಹುಟ್ಟಿಸಿದಳು. ಫೋನ್ ನಂಬರಿನ ಹತ್ತಿರ ಬಂದಾಗ ಜರಡಿ ಮೊಂಡು ಹಿಡಿಯಿತು. ಚಾಲ್ತಿಯಲ್ಲಿಲ್ಲದ ನಂಬರನ್ನು ಅದು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆ ಕಾವಲನ್ನು ಕಟ್ಟಿದವಳೂ ಅವಳೇ. ಗೊತ್ತಿಲ್ಲದ ಯಾರದೋ ನಂಬರು ಹಾಕಿದರೆ ಪಾಪ, ಅವರಿಗೆ ತೊಂದರೆಯಾದೀತು ಎಂದು ಅಂದು ಸಂಜೆಯೆಲ್ಲ ಯೋಚಿಸಿದಳು. ತಮ್ಮನ ಹತ್ತಿರ ಹೊಸ ಫೋನಿನ ಜೊತೆ ಪುಕ್ಕಟೆ ಬಂದ ಎರಡನೆಯ ಸಿಮ್ ಇತ್ತು. ಅವನು ಅದನ್ನು ಬಳಸುತ್ತಿರಲಿಲ್ಲ, ಮೇಜಿನ ಖಾನೆಯಲ್ಲಿ ಗುಂಡಿ, ಸೂಜಿಗಳ ನಡುವೆ ಬಿದ್ದಿರುತ್ತಿತ್ತು. ಅದು ಚಾಲ್ತಿಯಲ್ಲಿದೆಯೇ ಎಂದು ಕೇಳಿದಳು.

‘ಇದೆ. ಯಾಕೆ, ಯಾವ ಹುಡುಗಿಗಾದ್ರೂ ಕೊಡ್ತೀಯಾ?’ ಎಂದಿದ್ದ ಅವನು.

ಆ ನಂಬರನ್ನು ಹಾಕಿದಳು. ಮನೆಯವರ ಯಾವ ವಿವರವನ್ನೂ ಜರಡಿಗೆ ಹಾಕಕೂಡದು ಎಂಬ ನಿಯಮ ಅವಳಿಗೆ ಗೊತ್ತಿತ್ತು. ಆದರೆ ಇದು ಬರೀ ಪಾಠಕ್ಕೆ. ಕಡತದ ಕೊನೆಯ ಅಂಕಣದಲ್ಲಿ ‘ಪಾಠ’ ಎಂಬ ಗುರುತು ಹಾಕಿದರೆ ನಿಜವಾದ ಹುಡುಕಾಟಕ್ಕೆ ಅವನು ಕಾಣಿಸುತ್ತಲೇ ಇರಲಿಲ್ಲ. ಗುರುತು ಬಿದ್ದಿದೆಯೇ ಎಂದು ಮೂರು ಸಲ ನೋಡಿದಳು. ಬಿದ್ದಿತ್ತು.

ಹೀಗೆ ಹುಟ್ಟಿದ ಪಾಠದ ಮನುಷ್ಯ ತರಬೇತಿಯ ಕೋಣೆಯಲ್ಲಿ ಬೆಳೆದ. ಮೂರು ವರ್ಷದಲ್ಲಿ ಆರು ತಂಡಗಳು ಬಂದು ಹೋದವು. ಪ್ರತಿಯೊಬ್ಬರೂ ಅವನ ಬಗ್ಗೆ ಅಭ್ಯಾಸಕ್ಕೆಂದು ಒಂದು ಟಿಪ್ಪಣಿ ಬರೆಯಬೇಕಿತ್ತು. ಪರೀಕ್ಷೆಯಲ್ಲಿ ಸೈ ಅನ್ನಿಸಿಕೊಳ್ಳುವ ಆಸೆ ಎಲ್ಲರಿಗೂ. ಒಬ್ಬ ಅವನನ್ನು ಅಪರಿಚಿತರ ಜೊತೆ ಸೇತುವೆಯ ಕೆಳಗೆ ನಿಲ್ಲಿಸಿದ. ಇನ್ನೊಬ್ಬಳು ಅವನಿಂದ ಸರ್ಕಾರಿ ಕಟ್ಟಡಗಳ ನಕ್ಷೆ ಕೊಳ್ಳಿಸಿದಳು. ಮತ್ತೊಬ್ಬ ಅವನಿಗೆ ಸಿಟ್ಟು ಕೊಟ್ಟ, ಸೇಡು ಕೊಟ್ಟ. ಹೀಗೆ ಮೂವತ್ತೇಳು ಜನ ಮೂವತ್ತೇಳು ಟಿಪ್ಪಣಿ ಬರೆದು, ಪಾಸಾಗಿ, ಹಾಲಿನ ಮೇಜುಗಳಿಗೆ ಹೋಗಿ ಕೂತರು.

ಕಳೆದ ವರ್ಷ ಹಳೆಯ ಯಂತ್ರಗಳನ್ನು ತೆಗೆದು ಹೊಸದನ್ನು ತಂದರು. ಹಳೆಯದರಿಂದ ಹೊಸದಕ್ಕೆ ಯಾವ ಯಾವ ಅಂಕಣಗಳು ಹೋಗಬೇಕೆಂಬ ಪಟ್ಟಿ ಮಾಡಿದವಳು ಜರಡಿ ಅಕ್ಕ. ಪಾಠದ ಕಡತಗಳನ್ನು ಅದಕ್ಕೆ ಮೊದಲೇ ಅಳಿಸುವುದು ತರಬೇತಿ ವಿಭಾಗದ ಕೆಲಸ. ಅವು ಇಲ್ಲದ ಮೇಲೆ ‘ಪಾಠ’ ಎಂಬ ಅಂಕಣವೇಕೆ ಎಂದು ಅವಳು ಅದನ್ನು ಬಿಟ್ಟಳು. ‘ಪಾಠ’ ಎಂದು ಗುರುತಿದ್ದದ್ದನ್ನು ಜರಡಿಯೇ ಬಿಟ್ಟುಬಿಡುತ್ತದೆ, ಅಳಿಸುವುದೇಕೆ ಎಂದು ತರಬೇತಿಯವರು ಸುಮ್ಮನಾದರು. ಇವಳು ಅವರನ್ನು ನಂಬಿದಳು, ಅವರು ಇವಳನ್ನು ನಂಬಿದರು. ಪಾಠದ ಮನುಷ್ಯ ಗುರುತು ಕಳಚಿಕೊಂಡು, ಮೂವತ್ತೇಳು ಟಿಪ್ಪಣಿಗಳನ್ನು ಹೊತ್ತು, ನಿಜವಾದವರ ನಡುವೆ ಬಂದು ನಿಂತ. ಹಳೆಯ ಯಂತ್ರಗಳನ್ನು ನಿಯಮದಂತೆ ಪುಡಿ ಮಾಡಿ ಸಾಗಿಸಿದರು.

ಅದಾದ ಎರಡು ತಿಂಗಳಿಗೆ ತಮ್ಮನ ಫೋನು ಸಿಮ್ ಸಮೇತ ಲಿಫ್ಟಿನ ಕೆಳಗಿನ ಗುಂಡಿಗೆ ಬಿದ್ದು ಚೂರಾಯಿತು. ಹೊಸ ಫೋನು ಕೊಂಡು, ಖಾನೆಯಲ್ಲಿದ್ದ ಸಿಮ್ ತೆಗೆದು ಹಾಕಿಕೊಂಡ. ಅಕ್ಕನಿಗೆ ಹೇಳಿಯೂ ಹೇಳಿದ್ದ. ಅವಳು ಆ ಹೊತ್ತಿಗೆ ಮೂರನೆಯ ಸಲ ಒಲೆ ನೋಡುತ್ತಿದ್ದಳು, ಹೂಂ ಎಂದಿದ್ದಳು.

ಗೊತ್ತಾದದ್ದು ಒಂದು ಮಧ್ಯಾಹ್ನ, ಊಟದ ಡಬ್ಬಿ ಮುಚ್ಚುವ ಹೊತ್ತಿಗೆ. ಹಾಲಿನಲ್ಲಿ ಎಲ್ಲರಿಗಿಂತ ಹಿರಿಯ ವಿಶ್ಲೇಷಕರೊಬ್ಬರಿದ್ದರು. ಓದಲು ಒಂದು, ದೂರ ನೋಡಲು ಒಂದು ಎಂದು ಎರಡು ಕನ್ನಡಕ ಕೊರಳಿಗೆ ನೇತುಹಾಕಿಕೊಂಡಿರುತ್ತಿದ್ದುದರಿಂದ ಅವರಿಗೆ ಜೋಡಿ ಕನ್ನಡಕ ಎಂದು ಹೆಸರು. ಅವರು ಬಂದು, ಜರಡಿ ಒಬ್ಬನನ್ನು ಮೇಲೆ ಎತ್ತಿ ಹಿಡಿದಿದೆ, ಅದರ ಲೆಕ್ಕ ಸರಿಯಿದೆಯೇ ನೋಡಿಕೊಡಿ ಎಂದರು. ಮೂವತ್ತೇಳು ಜನ ಬೇರೆ ಬೇರೆ ಹೊತ್ತಿನಲ್ಲಿ ಬರೆದ ಟಿಪ್ಪಣಿಗಳಿವೆಯಂತೆ. ಒಂದೇ ನಂಬರಿಗೆ ಎರಡು ಹೆಸರಂತೆ. ಏಳು ತಿಂಗಳಿಂದ ಆ ಫೋನು ನ್ಯಾಯಾಲಯ, ಆಸ್ಪತ್ರೆ, ಬ್ಯಾಂಕಿನ ಮುಖ್ಯ ಕಚೇರಿ, ಎರಡು ಸಚಿವಾಲಯ, ಎಲ್ಲದರೊಳಗೂ ಹೋಗಿ ಬಂದಿದೆಯಂತೆ. ಹೋದಲ್ಲೆಲ್ಲ ನೆಲಮಾಳಿಗೆಯಲ್ಲಿ, ಇಲ್ಲವೇ ತಾರಸಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತದಂತೆ.

ಅವಳು ಪರದೆ ನೋಡಿದಳು. ನಂಬರಿನ ಕೊನೆಯ ನಾಲ್ಕು ಅಂಕಿ ಕಂಡಾಗಲೇ ಗುರುತು ಸಿಕ್ಕಿತು. ಅವಳು ಹುಟ್ಟಿಸಿದ ಹೆಸರು, ಅದರ ಕೆಳಗೆ ತಮ್ಮನ ಹೆಸರು. ಎರಡಕ್ಕೂ ನಡುವೆ ಜರಡಿ ಎಳೆದ ಗೆರೆ. ಲಿಫ್ಟಿನ ಯಂತ್ರ ಇರುವುದು ತಾರಸಿಯ ಕೋಣೆಯಲ್ಲಿ, ಗುಂಡಿ ಇರುವುದು ನೆಲಮಾಳಿಗೆಯಲ್ಲಿ. ಮೆಕ್ಯಾನಿಕ್ ಇನ್ನೆಲ್ಲಿ ನಿಲ್ಲಬೇಕು?

ನೋಡಿ ಹೇಳುತ್ತೇನೆ ಎಂದಷ್ಟೇ ಅಂದಳು.

ಆ ಸಂಜೆ ಮನೆಯಲ್ಲಿ ತಾಯಿ ಊಟಕ್ಕೆ ಬಡಿಸುತ್ತ, ಮಧ್ಯಾಹ್ನ ನೀರಿನ ಮೀಟರ್ ನೋಡುವವರು ಬಂದಿದ್ದರು ಎಂದರು. ಇಬ್ಬರು, ಒಳ್ಳೆಯ ಬೂಟು ಹಾಕಿಕೊಂಡವರು. ಒಬ್ಬ ಮೀಟರ್ ನೋಡುತ್ತಿದ್ದರೆ ಇನ್ನೊಬ್ಬ ಮಗನ ಕೋಣೆ ಯಾವುದು, ಅವನು ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ಮಾತಿಗೆಳೆದನಂತೆ. ‘ಎಷ್ಟು ವಿನಯ ಅಂತೀಯಾ, ಚಪ್ಪಲಿ ಸ್ಟ್ಯಾಂಡ್‌ನೂ ನೇರ ಮಾಡಿಟ್ಟು ಹೋದ’ ಎಂದರು ತಾಯಿ. ತಮ್ಮನಿಗೆ ಅದು ತಮಾಷೆ. ಅವನ ಕಂಪನಿಗೂ ಯಾರೋ ಬಂದು ಅವನ ಆರು ತಿಂಗಳ ಕೆಲಸದ ಚೀಟಿಗಳನ್ನೆಲ್ಲ ನೋಡಿಕೊಂಡು ಹೋಗಿದ್ದರಂತೆ. ಬಹುಮಾನ ಗಿಹುಮಾನ ಕೊಡಬಹುದು ಎಂದು ಮೇಸ್ತ್ರಿ ಹೇಳಿದ್ದನಂತೆ.

‘ಅಕ್ಕ, ನಿಂಗೆ ಹೊಟ್ಟೆಕಿಚ್ಚಾ? ಯಾಕೆ ಮುಖ ಹಾಗೆ ಬಿಟ್ಕೊಂಡಿದೀಯ?’

ಅವಳು ಅನ್ನ ಕಲಸುತ್ತಲೇ ಇದ್ದಳು. ಕಚೇರಿಯ ಮಾತನ್ನು ಮನೆಯಲ್ಲಿ ಆಡುವುದಿಲ್ಲ ಎಂದು ಕೆಲಸಕ್ಕೆ ಸೇರಿದ ದಿನ ಬರೆದುಕೊಟ್ಟಿದ್ದಳು. ಹದಿನೇಳು ವರ್ಷ ಅದನ್ನು ಮುರಿದಿರಲಿಲ್ಲ. ಈಗ ಮುರಿದು, ಇವನು ಗಾಬರಿಯಲ್ಲಿ ಫೋನು ಎಸೆದರೆ ಜರಡಿ ಏನೆನ್ನುತ್ತದೆ? ಅವಳಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ನಂಬರು ಇದ್ದಕ್ಕಿದ್ದಂತೆ ಸತ್ತರೆ ಅದನ್ನು ಪರಾರಿ ಎಂದು ಓದುವಂತೆ ಕಲಿಸಿಕೊಟ್ಟದ್ದು ಅವಳೇ.

ಮರುದಿನ ತನ್ನ ತಪ್ಪನ್ನೆಲ್ಲ ಎರಡು ಪುಟದಲ್ಲಿ ಬರೆದಳು. ತಮ್ಮನ ನಂಬರು ಕದ್ದದ್ದು, ಅಂಕಣ ಬಿಟ್ಟದ್ದು, ಯಾವ ದಿನ, ಎಷ್ಟು ಗಂಟೆಗೆ. ಕೆಲಸ ಹೋಗುತ್ತದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಹೋಗಲಿ ಎಂದುಕೊಂಡಳು. ಕೊಡುವ ಮೊದಲು ಒಬ್ಬ ಸಾಕ್ಷಿಯಾದರೂ ಇರಲೆಂದು ಹಾಲಿನ ಮೂರನೆಯ ಸಾಲಿನಲ್ಲಿದ್ದ ಕಿರಿಯ ವಿಶ್ಲೇಷಕಿಯ ಹತ್ತಿರ ಹೋದಳು. ಸರ್ಕಾರಿ ಕಟ್ಟಡಗಳ ನಕ್ಷೆ ಕೊಳ್ಳಿಸಿದ ಟಿಪ್ಪಣಿ ಅವಳದು. ತರಬೇತಿಯ ದಿನಗಳಲ್ಲಿ ಅವಳಿಗೆ ಜರಡಿ ಬಳಸಲು ಹೇಳಿಕೊಟ್ಟವಳು ಇವಳೇ. ಆ ಹುಡುಗಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡಳು. ಕಿವಿ ಮಾತ್ರ ಕೆಂಪಾಯಿತು.

‘ಅಷ್ಟು ಹಿಂದಿಂದು ನಂಗೆ ನೆನಪಿಲ್ಲ ಅಕ್ಕ’ ಎಂದಳು. ಮತ್ತೆ ದನಿ ತಗ್ಗಿಸಿ, ‘ನಕ್ಷೆ ವಿಷಯ ಸುಳ್ಳು ಅಂದ್ರೆ, ನಾನು ಬರೆದಿರೋ ಉಳಿದಿದ್ದನ್ನೆಲ್ಲ ಮತ್ತೆ ತೆಗೀತಾರೆ. ನೀವೇ ಯೋಚ್ನೆ ಮಾಡಿ.’

ಅವಳಿಗೆ ನೆನಪಿದೆ ಎಂದು ಇವಳಿಗೆ ಖಾತ್ರಿಯಾಯಿತು.

ವಿಭಾಗದ ಮುಖ್ಯಸ್ಥೆ ದನಿ ಏರಿಸುವವರಲ್ಲ. ಎರಡು ಪುಟವನ್ನೂ ನಿಧಾನವಾಗಿ ಓದಿ, ಅಂಚು ಸರಿಮಾಡಿ ಮೇಜಿನ ಮೇಲಿಟ್ಟರು. ಜೋಡಿ ಕನ್ನಡಕದವರೂ ಅಲ್ಲೇ ಕೂತಿದ್ದರು.

‘ಹಳೇ ಯಂತ್ರದಲ್ಲಿ ಗುರುತಿತ್ತು ಅಂತೀರ. ಯಂತ್ರ ಇಲ್ಲ.’

‘ಇಲ್ಲ ಮೇಡಂ.’

‘ತರಬೇತಿಯವರನ್ನ ಕೇಳ್ದೆ. ಪಾಠದ ಕಡತಗಳನ್ನೆಲ್ಲ ಅಳಿಸಿದೀವಿ ಅಂತ ಸಹಿ ಮಾಡಿದಾರೆ. ಬರೆದವರಲ್ಲಿ ಒಬ್ರೂ ಇದು ಅಭ್ಯಾಸದ್ದು ಅಂತ ಹೇಳ್ತಿಲ್ಲ.’

‘ಹೇಳಿದ್ರೆ ಅವರಿಗೆ ಕಷ್ಟ ಮೇಡಂ. ಆ ಹೆಸರಿನವನು ಹುಟ್ಟೇ ಇಲ್ಲ. ಹುಡುಕಿಸಿ ನೋಡಿ. ಶಾಲೆ ಇಲ್ಲ, ಮನೆ ಇಲ್ಲ, ಊರಿಲ್ಲ.’

‘ಹುಡುಕಿಸಿದೀವಿ. ಎಲ್ಲೂ ಇಲ್ಲ’ ಎಂದರು ಮುಖ್ಯಸ್ಥೆ. ‘ಸುಳ್ಳು ಹೆಸರು ಅಂದ್ರೆ ಹಾಗೇ ಇರತ್ತೆ ಅಲ್ವಾ?’

ಮುಖ್ಯಸ್ಥೆ ಮೆಲ್ಲಗೆ ಮುಂದುವರಿಸಿದರು: ಹದಿನೇಳು ವರ್ಷದಲ್ಲಿ ಒಂದೂ ತಪ್ಪು ಮಾಡದವರು, ಸರಿಯಾಗಿ ತಮ್ಮನ ಕಡತದಲ್ಲೇ ತಪ್ಪು ಮಾಡಿದ್ದೀರಿ ಎಂದರೆ ನಾನು ಮೇಲಿನವರಿಗೆ ಏನೆಂದು ಬರೆಯಲಿ? ಅದರಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

ಹೊರಗೆ ಕಾರಿಡಾರಿನಲ್ಲಿ ಜೋಡಿ ಕನ್ನಡಕದವರು ಅವಳ ಪಕ್ಕಕ್ಕೆ ಬಂದು ನಿಂತರು. ಒಂದು ಕನ್ನಡಕ ಒರೆಸಿದರು, ಆಮೇಲೆ ಇನ್ನೊಂದು.

‘ನಾನು ನಿಮ್ಮನ್ನ ನಂಬ್ತೀನಮ್ಮ. ನಿಮ್ಮ ಎರಡು ಪುಟಾನ ಕಡತಕ್ಕೆ ಸೇರಿಸ್ಬೇಕು ಅಂತ ಹೇಳಿದಾರೆ. ಸೇರಿಸ್ದೆ.’

‘ಯಾವ ಅಂಕಣಕ್ಕೆ ಸರ್?’

ಅವರು ಕನ್ನಡಕದ ದಾರ ಬಿಡಿಸತೊಡಗಿದರು. ಅವಳಿಗೆ ಉತ್ತರ ಬೇಕಾಗಿರಲಿಲ್ಲ. ಕಡತಕ್ಕೆ ಬರುವ ಬರಹಕ್ಕೆಲ್ಲ ಇದ್ದದ್ದು ಒಂದೇ ಅಂಕಣ, ಟಿಪ್ಪಣಿ. ಜರಡಿ ಟಿಪ್ಪಣಿಗಳನ್ನು ಎಣಿಸುತ್ತಿತ್ತು. ಯಾರ ಪರವೋ ಯಾರ ವಿರುದ್ಧವೋ ಎಂದು ಅದು ನೋಡುತ್ತಿರಲಿಲ್ಲ. ಅವಳ ಎರಡು ಪುಟ ಮೂವತ್ತೆಂಟನೆಯ ಟಿಪ್ಪಣಿಯಾಗಿತ್ತು. ಟಿಪ್ಪಣಿ ಬರೆದವಳೆಂದು ತನ್ನದೇ ಹೆಸರಿನಿಂದ ತಮ್ಮನ ಹೆಸರಿಗೆ ಈ ಹೊತ್ತಿಗೆ ಹೊಸದೊಂದು ಗೆರೆ ಬಿದ್ದಿರಬೇಕು. ಜರಡಿಯ ಕೋಣೆಯ ಬಾಗಿಲಿಗೆ ತನ್ನ ಕಾರ್ಡು ಹಿಡಿದಳು. ಹಸಿರು ದೀಪ ಹತ್ತಲಿಲ್ಲ. ಒಂದು ಸಲ ಒರೆಸಿ ಹಿಡಿದಳು. ಮೂರನೆಯ ಸಲವೂ ಹಿಡಿದಳು. ಅಲ್ಲಿಂದ ಲಿಫ್ಟಿನಲ್ಲಿ ಕೆಳಗಿಳಿದು ಮನೆಗೆ ಬಂದಳು.

ಮಾರನೆಯ ಬೆಳಿಗ್ಗೆ ತಮ್ಮ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದ. ಖುಷಿಯಲ್ಲಿದ್ದ.

‘ಅಕ್ಕ, ಇವತ್ತು ನಿಮ್ಮ ಆಫೀಸಿಗೇ ಬರ್ತಿದೀನಿ. ನಿಮ್ಮ ಲಿಫ್ಟ್ ಕೆಟ್ಟಿದೆಯಂತೆ. ಅದು ನಮ್ಮ ಕಂಪನಿದಲ್ಲ ಕಣೇ. ಆದ್ರೂ ನನ್ನನ್ನೇ ಹೆಸರು ಹೇಳಿ ಕೇಳಿದಾರಂತೆ.’

ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ನಿನ್ನೆ ಸಂಜೆ ಆ ಲಿಫ್ಟು ಒಂದಿಷ್ಟೂ ಅಲುಗದೆ ಅವಳನ್ನು ಕೆಳಗಿಳಿಸಿತ್ತು. ಹೋಗಬೇಡ ಎಂದರೆ? ಬರಲಿಲ್ಲ, ತಪ್ಪಿಸಿಕೊಂಡ ಎಂದಾಗುತ್ತದೆ. ಫೋನು ಬಿಟ್ಟು ಹೋಗು ಎಂದರೆ? ಬಚ್ಚಿಟ್ಟ ಎಂದಾಗುತ್ತದೆ. ಊರು ಬಿಡು ಎಂದರೆ ಬಸ್‌ಸ್ಟ್ಯಾಂಡಿನ ಗೇಟಿನಲ್ಲೇ ಅವನ ಮುಖ ಅವನಿಗಿಂತ ಮೊದಲು ಹಾಲಿನ ಪರದೆ ಸೇರುತ್ತದೆ. ಒಂದೊಂದು ದಾರಿಯ ಕೊನೆಗೂ ತಾನೇ ಕಟ್ಟಿದ ಗೋಡೆ ಕಂಡಿತು.

‘ತಾಳು, ನಾನೂ ಬರ್ತೀನಿ’ ಎಂದಳು. ಅಂದು ಒಲೆ ನೋಡಲಿಲ್ಲ.

‘ಅಮ್ಮಾ, ಒಲೆಗೆ ಇವತ್ತು ರಜೆ’ ಎಂದು ತಮ್ಮ ಕೂಗಿ ಹೇಳಿದ. ತಾಯಿ ಒಳಗಿಂದಲೇ ನಕ್ಕರು.

ಬಸ್ಸು ಹತ್ತದೆ ನಡೆದೇ ಹೋಗೋಣ ಎಂದು ಅವಳು ಹಟ ಹಿಡಿದಳು. ಮುಕ್ಕಾಲು ಗಂಟೆಯ ದಾರಿ. ಅಂಗಡಿಗಳ ಬಾಗಿಲು ಒಂದೊಂದಾಗಿ ಏಳುತ್ತಿದ್ದವು. ತಮ್ಮನ ಹೆಗಲಲ್ಲಿ ಸ್ಪ್ಯಾನರುಗಳ ಚೀಲ, ಅಂಗಿಯ ಜೇಬಿನಲ್ಲಿ ಆ ಫೋನು. ಅದು ಈಗ ಅವನು ಎಲ್ಲಿದ್ದಾನೆ ಎಂದಷ್ಟೇ ಹೇಳುತ್ತಿಲ್ಲ, ಆಡಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತದೆ ಎಂಬುದು ಅವಳಿಗೆ ತಿಳಿದಿತ್ತು. ಮೂವತ್ತೈದು ಟಿಪ್ಪಣಿ ದಾಟಿದ ಮೇಲೆ ಹಾಗೆ ಮಾಡುವುದು ರೂಢಿ. ಅವಳು ಅವನ ಎಡಕ್ಕೆ, ಜೇಬಿನ ಪಕ್ಕಕ್ಕೆ ಬಂದು, ಮೊದಲಿನಿಂದ ಎಲ್ಲವನ್ನೂ ಹೇಳತೊಡಗಿದಳು. ಯಾವ ವರ್ಷ, ಯಾವ ತಿಂಗಳು, ಯಾವ ಕೋಣೆ, ಯಾವ ಅಂಕಣ. ಪಟ್ಟಿ ಓದುವವಳ ಹಾಗೆ ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. ಹದಿನೇಳು ವರ್ಷದ ಆಣೆ ಮುರಿಯಿತು. ಕೇಳುವವರಲ್ಲಿ ಒಬ್ಬರಾದರೂ ಕಿವಿಗೊಟ್ಟು ಕೇಳಿದರೆ ಸಾಕು ಎಂಬುದಷ್ಟೇ ಅವಳ ಆಸೆ.

ಮೊದಮೊದಲು ತಮ್ಮ ನಗುತ್ತಿದ್ದ. ಆಮೇಲೆ ನಗು ನಿಂತಿತು. ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.

‘ನಾನೇನೂ ಮಾಡಿಲ್ವಲ್ಲಕ್ಕ.’

‘ಇಲ್ಲ ಕಣೋ. ಏನೂ ಮಾಡಿಲ್ಲ. ಕೇಳಿದ್ದಕ್ಕೆಲ್ಲ ಇದ್ದದ್ದನ್ನ ಇದ್ದ ಹಾಗೆ ಹೇಳು. ಅವಸರ ಮಾಡ್ಬೇಡ. ಎದುರು ಮಾತಾಡ್ಬೇಡ.’

‘ನೀನು ಇರ್ತೀಯ ತಾನೆ?’

ಅವಳು ಅವನ ಅಂಗಿಯ ಕಾಲರ್ ಸರಿಮಾಡಿದಳು.

ಕಟ್ಟಡದ ಗೇಟಿನಲ್ಲಿ ಕಾವಲುಗಾರ ದಿನವೂ ನಮಸ್ಕಾರ ಹೇಳುವವನು. ಇಂದು ಪುಸ್ತಕದಲ್ಲಿ ಏನೋ ಬರೆಯುತ್ತ ತಲೆ ಎತ್ತಲಿಲ್ಲ. ಇಬ್ಬರ ಹೆಸರನ್ನೂ ಕೇಳದೆ ಗೇಟು ತೆರೆದ. ಒಳಗೆ ಬೆಳಗಿನ ಗದ್ದಲವಿರಲಿಲ್ಲ. ನೆಲ ಆಗಷ್ಟೇ ಒರೆಸಿದಂತೆ ಹಸಿಯಾಗಿತ್ತು. ಗೋಡೆಯ ಬದಿಯ ಬೆಂಚಿನಲ್ಲಿ ಕಿರಿಯ ವಿಶ್ಲೇಷಕಿ ಒಬ್ಬಳೇ ಕೂತಿದ್ದಳು, ತೊಡೆಯ ಮೇಲೆ ಒಂದು ಕಡತ. ಇವರನ್ನು ಕಂಡು ಏಳುವವಳಂತೆ ಅರ್ಧ ಎದ್ದು, ಮತ್ತೆ ಕೂತಳು. ಕಣ್ಣು ಊದಿಕೊಂಡಿದ್ದವು.

ತಮ್ಮ ಲಿಫ್ಟಿನ ಮುಂದೆ ಚೀಲ ಇಳಿಸಿದ. ಕೆಲಸದ ಎದುರು ನಿಂತರೆ ಅವನಿಗೆ ಉಳಿದದ್ದೆಲ್ಲ ಮರೆತುಹೋಗುತ್ತಿತ್ತು. ಬಾಗಿಲಿಗೆ ಕಿವಿಯಿಟ್ಟ, ಅಂಗೈ ಇಟ್ಟ, ಗುಂಡಿ ಒತ್ತಿದ. ಮೇಲಿನ ಅಂಕಿ ಐದರಲ್ಲಿತ್ತು. ನಾಲ್ಕಾಯಿತು, ಮೂರಾಯಿತು.

‘ಸರಿಯಾಗೇ ಇದೆಯಲ್ಲಕ್ಕ’ ಎಂದ, ಅರ್ಥವಾಗದವನಂತೆ.

ಅವಳು ಮುಂದೆ ಬಂದು ಅವನ ಪಕ್ಕ ನಿಂತಳು. ಎರಡು. ಒಂದು. ಬಾಗಿಲು ಸ್ವಲ್ಪವೂ ತಡವರಿಸದೆ ತೆರೆದುಕೊಂಡಿತು. ಒಳಗಿದ್ದ ಇಬ್ಬರೂ ಒಳ್ಳೆಯ ಬೂಟು ಹಾಕಿಕೊಂಡಿದ್ದರು. ಒಬ್ಬ ಬಾಗಿಲು ಮುಚ್ಚದಂತೆ ವಿನಯದಿಂದ ಕೈ ಅಡ್ಡ ಹಿಡಿದು, ಮೊದಲು ಅವಳ ಹೆಸರನ್ನು ಕರೆದ.